ವಸಂತಾ ಮುದೇನೂರ ಸಹಿ ಹಾಕಿದ ಬೀಜ

ವಸಂತಾ ಮುದೇನೂರ ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹ್ಯೂಸ್ಟನ್ ಪಕ್ಕದ ಸೈಪ್ರೆಸ್ಸಿನ ಕನ್ನಡದವರೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ. ಅವರ ಜಾಗದಲ್ಲಿ ಮೂವತ್ತೆಂಟು ವರ್ಷ ನಿಂತು ನೋಡಿದವರು ಇವರಲ್ಲಿ ಯಾರಿದ್ದಾರೆ? ಧಾರವಾಡದ ಕಡೆಯ ಒಂದು ಸಂಶೋಧನಾ ಕೇಂದ್ರದಲ್ಲಿ ಹನ್ನೊಂದು ವರ್ಷ ಬಿಸಿಲಲ್ಲಿ ನಿಂತು, ಜೋಳದ ಒಂದೊಂದು ತೆನೆಗೂ ಕಾಗದದ ಚೀಲ ಕಟ್ಟಿ ಅವರೊಂದು ತಳಿ ಮಾಡಿದರು. ತಳಿ ಬಿಡುಗಡೆಯಾದ ದಿನ ಪತ್ರಿಕೆಯಲ್ಲಿ ಬಂದ ಹೆಸರು ವಿಭಾಗದ ಮುಖ್ಯಸ್ಥರದು. ಆ ಮಹಾನುಭಾವರು ಹೊಲಕ್ಕೆ ಬಂದದ್ದು ಎರಡೇ ಸಲ, ಎರಡೂ ಸಲ ಫೋಟೊ ತೆಗೆಸಿಕೊಳ್ಳಲು. ಆಮೇಲೆ ಗಂಡ ಚಿದಾನಂದರ ಜೊತೆ ಹ್ಯೂಸ್ಟನ್ನಿಗೆ ಬಂದು, ಒಂದು ತರಕಾರಿ ಬೀಜದ ಕಂಪನಿ ಸೇರಿ, ಇಪ್ಪತ್ತೇಳು ವರ್ಷ ಮೆಣಸಿನಕಾಯಿ, ಕಲ್ಲಂಗಡಿಗಳ ಜೊತೆ ಜೀವ ತೇದರು. ಪೇಟೆಂಟ್ ಕಾಗದದಲ್ಲಿ ಮೂವರ ಹೆಸರು ಬಂತು. ಆ ಮೂವರಲ್ಲಿ ಇವರಿರಲಿಲ್ಲ.

ಹಾಗಾಗಿ ನಿವೃತ್ತಿಯಾದ ಮೇಲೆ ಡಲ್ಲಾಸ್ ಬಳಿಯ ಫ್ಲವರ್ ಮೌಂಡಿನ ಪರಿಚಯದ ಶ್ರೀಶೈಲ್ ಫೋನ್ ಮಾಡಿ, "ಅಕ್ಕಾರ, ಆಸ್ಟಿನ್ ಹತ್ರ ಹೆಂಪ್ ಬೆಳೀಲಿಕ್ಕೆ ಹತ್ತೇನಿ, ನೀವು ಬಂದು ಕೈ ಹಚ್ಚಬೇಕು" ಎಂದಾಗ ಅವರು ಮೊದಲು ಕೇಳಿದ್ದು ಸಂಬಳವನ್ನಲ್ಲ.

"ತಳಿ ಮಾಡಿದ್ರ ಹೆಸರು ಯಾರದು ಬರತೈತಿ?"

"ನಿಮ್ಮದರೀ ಅಕ್ಕಾರ. ಮತ್ಯಾರದು?"

ಇಷ್ಟು ಸಾಕಾಯಿತು. ವಾರದಲ್ಲಿ ಐದು ದಿನ ಸೈಪ್ರೆಸ್ಸಿನಿಂದ 290ನೇ ಹೆದ್ದಾರಿಯಲ್ಲಿ ನೇರ ಎರಡು ತಾಸು ಡ್ರೈವ್ ಮಾಡಿಕೊಂಡು, ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಂಡು, ಅರವತ್ತೈದರ ಹೆಂಗಸು ಗಾಂಜಾ ಕುಲದ ಗಿಡ ಬೆಳೆಸಲು ಹೊರಟರು. ಸೊಸೆಯ ಕಡೆಯವರು ಮುಸಿಮುಸಿ ನಕ್ಕರು. ಗಾಂಜಾ ಬೇರೆ, ಹೆಂಪ್ ಬೇರೆ, ಮತ್ತಿನ ಅಂಶ ಸಾವಿರಕ್ಕೆ ಮೂರು ಪಾಲು ಮೀರಿದರೆ ಸರ್ಕಾರದವರು ನಿಂತು ಸುಡಿಸುತ್ತಾರೆ, ನಾವು ಬೆಳೆಯುವುದು ನೋವಿನ ಎಣ್ಣೆಗೆ ಎಂದು ವಸಂತಾ ಒಂದು ಸಲ ಹೇಳಿದರು, ಎರಡು ಸಲ ಹೇಳಿದರು. ಮೂರನೆಯ ಸಲ, "ನಗ್ರಿ, ಹಲ್ಲು ಗಾಳಿಗೆ ಒಣಗಲಿ" ಎಂದು ಎದ್ದು ಬಂದರು.

ಆಸ್ಟಿನ್ ಹತ್ತಿರದ ಎಲ್ಗಿನ್ ಆಚೆಯ ಆ ಜಮೀನಿಗೆ ಅವರು ಕಾಲಿಟ್ಟ ಮೊದಲ ಸೆಪ್ಟೆಂಬರಿನಲ್ಲೇ ಬೆಳೆಯ ಅರ್ಧ ಬೂಷ್ಟು ಹಿಡಿದು ಕೊಳೆತಿತ್ತು. ಶ್ರೀಶೈಲನ ಬಳಿ ಹದಿನಾಲ್ಕು ತಳಿಗಳಿದ್ದವು, ಒಂದೊಂದಕ್ಕೂ ಐಸ್‌ಕ್ರೀಮಿಗೆ ಇಟ್ಟಂಥ ಹೆಸರು. ವಸಂತಾ ಒಂದು ತಿಂಗಳು ಕೂತು ಹದಿನಾಲ್ಕರ ವಂಶಾವಳಿಯನ್ನೂ ಕೆದಕಿದರು. ಅದರಲ್ಲಿ ಕಂಡದ್ದನ್ನು ಶ್ರೀಶೈಲನ ಎದುರು ಟೇಬಲ್ ಮೇಲೆ ಕುಕ್ಕಿದರು.

"ಶ್ರೀಶೈಲ್, ಮಗನಿಗೆ ಹೆಣ್ಣು ನೋಡೂ ಮುಂದ ಸೋದರ ಸಂಬಂಧ ಬ್ಯಾಡ ಅಂತ ಎಷ್ಟು ತಲಿ ಕೆದರಿದ್ರಿ?"

"ಅದು ಬ್ಯಾರೆ ಬಿಡ್ರಿ."

"ಏನ್ ಬ್ಯಾರೆ? ಈ ಹದಿನಾಲ್ಕೂ ಒಂದಕ್ಕೊಂದು ಅಣ್ಣ-ತಂಗಿ ಅದಾವ. ಕೊಳೀದ ಏನ್ ಮಾಡ್ತಾವ?"

ವಿಷಯ ಕಷ್ಟದ್ದೇನಲ್ಲ. ಐವತ್ತು ವರ್ಷಗಳ ಹಿಂದೆ ಅಫಘಾನಿಸ್ತಾನದ ಗುಡ್ಡಗಳಿಂದ ಗಿಡ್ಡ ಜಾತಿಯ, ಅಗಲ ಎಲೆಯ, ಬೇಗ ಹೂ ಬಿಡುವ ಬೀಜ ಅಮೆರಿಕಕ್ಕೆ ಬಂತು. ಥಾಯ್ಲೆಂಡ್, ಮೆಕ್ಸಿಕೊಗಳಂಥ ಸೆಕೆಯ ಸೀಮೆಗಳಿಂದ ಎತ್ತರದ, ಸಣ್ಣ ಎಲೆಯ, ತಡವಾಗಿ ಹೂ ಬಿಡುವ ಬೀಜ ಬಂತು. ಇವೆರಡನ್ನೂ ಕೂಡಿಸಿದ ಹಳಬರು ಮೊದಲ ಹೆಸರಾಂತ ಹೈಬ್ರಿಡ್‌ಗಳನ್ನು ಮಾಡಿದರು. ಇವತ್ತು ಅಂಗಡಿಯಲ್ಲಿ ಬಣ್ಣದ ಡಬ್ಬಿಯಲ್ಲಿ ಕೂತಿರುವ ಹೆಸರುಗಳಲ್ಲಿ ಹೆಚ್ಚಿನವು ಅವುಗಳ ಮೊಮ್ಮಕ್ಕಳು, ಮರಿಮಕ್ಕಳು. ಆಮೇಲೆ ಬಂದವರು ಹೈಬ್ರಿಡ್‌ಗೆ ಹೈಬ್ರಿಡ್ ಕೂಡಿಸುತ್ತ ಹೋದರು. ವಾಸನೆ ಬೇಕು, ತೂಕ ಬೇಕು ಎಂದು ಅದನ್ನಷ್ಟೇ ಆರಿಸಿಕೊಂಡರು. ತೇವದ ಹವೆಯಲ್ಲಿ ಕೊಳೆಯದೆ ನಿಲ್ಲುವ ಗುಣ ಯಾರಿಗೂ ಬೇಕಾಗಿರಲಿಲ್ಲ, ಅದು ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಹಳೆಯ ತಾಯಿಯನ್ನೂ ಹಳೆಯ ತಂದೆಯನ್ನೂ ಯಾರೂ ಕಾಪಾಡಲಿಲ್ಲ. ಮಕ್ಕಳಿಂದ ಲಾಭ ಬರುತ್ತಿತ್ತಲ್ಲ, ಅಪ್ಪ ಅಮ್ಮ ಯಾಕೆ ಬೇಕು? ಇದನ್ನು ಓದುವಾಗ ವಸಂತಾಗೆ ಮೈಯೆಲ್ಲ ಉರಿಯುತ್ತಿತ್ತು. ಗಿಡದ ಸಲುವಾಗಿ ಉರಿಯುತ್ತಿತ್ತೋ ತಮ್ಮ ಸಲುವಾಗಿಯೋ ಅವರು ಬೇರ್ಪಡಿಸಿ ನೋಡಲಿಲ್ಲ.

ಹುಡುಕಿ ಹುಡುಕಿ ಕೊನೆಗೆ ಒರೆಗಾನಿನಲ್ಲಿ ಒಬ್ಬ ಮುದುಕ ಸಿಕ್ಕ. ಥಾಯ್ ಕಡೆಯ ಹಳೆಯ ಎತ್ತರದ ತಳಿಯಲ್ಲಿ ಮತ್ತಿನ ಅಂಶ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಿದ್ದ ಕೆಲವು ಗಿಡ ಕಂಡು, ಅವುಗಳನ್ನೇ ಒಂದಕ್ಕೊಂದು ಕೂಡಿಸಿ ಹದಿನೈದು ವರ್ಷ ಕಾಪಾಡಿದ್ದ. ಕಾಗದ ಪತ್ರ ಸಮೇತ ಅರವತ್ತು ಬೀಜ ಕಳಿಸಿದ. ಇವಷ್ಟೇ ಉಳಿದಿರುವುದು, ನನ್ನ ಕೈಯಲ್ಲಿ ಇನ್ನು ಆಗುವುದಿಲ್ಲ, ಎಂದು ಬರೆದಿದ್ದ. ಆರು ತಿಂಗಳಿಗೆ ತೀರಿಕೊಂಡ.

ಬೀಜ ಹಳತಾಗಿತ್ತು. ಇನ್ನೊಂದು ವರ್ಷ ಇಟ್ಟರೆ ಮೊಳೆಯುವುದೇ ಅನುಮಾನ. ವಸಂತಾ ಅಷ್ಟನ್ನೂ ಬಿತ್ತಿದರು, ಮೂವತ್ತೇಳು ಎದ್ದವು. ಟೆಕ್ಸಸ್ಸಿನ ಸೆಕೆಯಲ್ಲಿ ಉಳಿದ ಗಿಡಗಳೆಲ್ಲ ನರಳುತ್ತಿದ್ದರೆ ಇವು ಸಣ್ಣ ಸಣ್ಣ ಎಲೆ ಬೀಸಿಕೊಂಡು ಹತ್ತಡಿ ಬೆಳೆದವು. ಒಂದಕ್ಕೂ ಬೂಷ್ಟಿಲ್ಲ. ವಸಂತಾ ಆ ತಳಿಗೆ ಉದ್ದವ್ವ ಎಂದು ಹೆಸರಿಟ್ಟರು. ಆಸ್ಟಿನ್ನಿನ ಒಂದು ತಳಿ ಸಂಸ್ಥೆಯವರು ಬಂದು ನೋಡಿ ಬಾಯಿ ಬಿಟ್ಟರು. ಈ ತಳಿಯ ಶುದ್ಧ ಬೀಜ ಕೊಡಿ, ನಮ್ಮ ಹೊಸ ಹೈಬ್ರಿಡ್‌ಗಳಿಗೆಲ್ಲ ಇದನ್ನೇ ಒಂದು ಕಡೆಯ ಮೂಲ ತಳಿಯನ್ನಾಗಿ ಮಾಡುತ್ತೇವೆ ಎಂದರು. ಬೀಜದ ಜೊತೆ ಒಂದು ಹೇಳಿಕೆ ಹೋಗಬೇಕು: ತಾಯಿ ಯಾರು, ತಂದೆ ಯಾರು, ತಳಿಗಾರರ ಹೆಸರು, ಸಹಿ. ಆ ನಮೂನೆಯನ್ನು ವಸಂತಾ ಮನೆಗೆ ಒಯ್ದು ಚಿದಾನಂದರಿಗೆ ತೋರಿಸಿದರು. ಅವರು ಕನ್ನಡಕ ಹಾಕಿಕೊಂಡು ಓದಿ, "ಅಂತೂ ಬಂತಲ್ಲ" ಎಂದರು. ಆ ದಿನ ವಸಂತಾ ಹಗುರಾಗಿ ಅಡುಗೆ ಮಾಡಿದರು.

ಬೀಜ ಮಾಡುವ ಕೆಲಸ ಡಿಸೆಂಬರಿನಲ್ಲಿ ಶುರುವಾಯಿತು. ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡಿನ ಪರಾಗ ಹಿಟ್ಟಿಗಿಂತ ನುಣುಪು. ಬಟ್ಟೆಗೆ, ಕೂದಲಿಗೆ ಹತ್ತಿಕೊಂಡು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಅದಕ್ಕೇ ಉದ್ದವ್ವನನ್ನು ಎಲ್ಲಕ್ಕಿಂತ ದೂರದ ಮೂರನೆಯ ಗ್ರೀನ್‌ಹೌಸಿನಲ್ಲಿಟ್ಟು, ಗಾಳಿ ಬರುವಲ್ಲೆಲ್ಲ ಜಾಲರಿ ಕಟ್ಟಿಸಿ, ಬಾಗಿಲಿಗೆ ಕಾರ್ಡಿನಿಂದ ತೆರೆಯುವ ಬೀಗ ಹಾಕಿ ಆ ಕಾರ್ಡ್ ತಾವೇ ಇಟ್ಟುಕೊಂಡರು. ಒಂದನೆಯ ಹಸಿರುಮನೆಯಲ್ಲಿ ಶ್ರೀಶೈಲನ ಹೈಬ್ರಿಡ್ ಗಂಡುಗಳು ಹಳದಿ ಧೂಳು ಉದುರಿಸುತ್ತಿದ್ದವು. ಅಲ್ಲಿ ಕಾಲಿಟ್ಟವರು ಆ ದಿನ ಮೂರರ ಹತ್ತಿರ ಸುಳಿಯುವಂತಿಲ್ಲ. ಸುಳಿದ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ವಸಂತಾ ಬಯ್ದ ಬೈಗುಳ ಅವನಿಗೆ ಭಾಷೆ ಬರದಿದ್ದರೂ ಪೂರ್ತಿ ತಿಳಿಯಿತು.

ಸರಿಯಾಗಿ ಪರಾಗ ಹಾರುವ ವಾರದಲ್ಲೇ ಹ್ಯೂಸ್ಟನ್ನಿನಿಂದ ಕರೆ ಬಂತು. ಬೆಳೆಗಾರರ ಸಮ್ಮೇಳನ, ಹಳೆಯ ತಳಿಗಳು ಹೊಸ ಹೈಬ್ರಿಡ್‌ಗಳಿಗೆ ಕೊಟ್ಟದ್ದೇನು ಎಂಬ ಬಗ್ಗೆ ವಸಂತಾ ಮುದೇನೂರ ಅವರ ಭಾಷಣ. ಏರ್ಪಾಡು ಮಾಡಿದ್ದು ಶ್ರೀಶೈಲ್. ಪೋಸ್ಟರಿನಲ್ಲಿ ಫೋಟೊ, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಹೆಸರು. ಹೋಗಬಾರದು ಎಂದು ಅವರಿಗೆ ಗೊತ್ತಿತ್ತು. ಪೋಸ್ಟರನ್ನು ನಾಲ್ಕು ಸಲ ತೆರೆದು ನೋಡಿದರು, ಹೋದರು. ಶಾಖ ಏರುಪೇರಾದರೆ ಅಲಾರಂ ಹೊಡೆಯುತ್ತದೆ, ಯಾರಾದರೂ ಇರಬೇಕಲ್ಲ ಎಂದು ಕಾರ್ಡನ್ನು ಶ್ರೀಶೈಲನ ಕೈಗೆ ಕೊಟ್ಟರು.

"ಅಲಾರಂ ಹೊಡದ್ರ ಅಷ್ಟ ಒಳಗ ಹೋಗ್ರಿ. ಇಲ್ಲಂದ್ರ ಬಾಗಿಲಾ ಮುಟ್ಟಬ್ಯಾಡ್ರಿ."

"ಆತ್ರೀ ಅಕ್ಕಾರ. ನಾ ಏನ್ ಸಣ್ಣ ಹುಡುಗನ?"

ಭಾಷಣಕ್ಕೆ ಚಪ್ಪಾಳೆ ಬಂತು, ಶಾಲು ಬಂತು. ಎರಡು ದಿನ ಬಿಟ್ಟು ಬೆಳಿಗ್ಗೆ ಎಲ್ಗಿನ್‌ಗೆ ಬಂದು ಮೂರನೆಯ ಮನೆಯ ಬಾಗಿಲು ತೆರೆದರೆ, ಹೊಸ್ತಿಲ ಮೇಲೆ ಕುಂಕುಮ. ಒಳಗೆ ನಾಲ್ಕು ಮೂಲೆಯಲ್ಲೂ ಸಜ್ಜೆ ಕಡುಬು, ಭಜ್ಜಿ ಪಲ್ಯ, ಎಳ್ಳು ಹಚ್ಚಿದ ರೊಟ್ಟಿಯ ಚೂರು. ಒಂದು ಹೆಣ್ಣು ಗಿಡಕ್ಕೆ ಹಸಿರು ಬಳೆ ಕಟ್ಟಿದ್ದರು.

ಎಳ್ಳಮಾಸಿ! ಎಳ್ಳು ಅಮಾವಾಸ್ಯೆ ಬಂದದ್ದು ವಸಂತಾಗೆ ನೆನಪೇ ಇರಲಿಲ್ಲ. ಉತ್ತರ ಕರ್ನಾಟಕದವರು ಅವತ್ತು ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಬಸುರಿ ಭೂಮಿತಾಯಿಯ ಬಯಕೆ ತೀರಲೆಂದು ಮೂಲೆ ಮೂಲೆಗೂ ಅನ್ನ ಚೆಲ್ಲಿ ಬರುತ್ತಾರೆ, ಚರಗ ಅನ್ನುತ್ತಾರೆ. ಒಳ್ಳೆಯ ಪದ್ಧತಿಯೇ. ಡಲ್ಲಾಸ್, ಫ್ಲವರ್ ಮೌಂಡ್, ಮೆಕಿನ್ನಿಗಳಿಂದ ಐವತ್ತು ಮಂದಿಯನ್ನು ಬಸ್ಸು ಮಾಡಿ ಕರೆತಂದು, ಒಂದನೆಯ ಮನೆಯ ಗಂಡು ಗಿಡಗಳ ನಡುವೆ ರೇಷ್ಮೆ ಸೀರೆ ಆಡಿಸಿ, ಹಳದಿ ಧೂಳು ಮೆತ್ತಿಕೊಂಡ ಅದೇ ಸೀರೆಗಳನ್ನು ಉದ್ದವ್ವನ ಮನೆಯೊಳಗೆ ನುಗ್ಗಿಸುವ ಪದ್ಧತಿ ಮಾತ್ರ ಶ್ರೀಶೈಲ್ ಒಬ್ಬನದೇ. ವಸಂತಾ ಅಲ್ಲೇ ನಿಂತು ಅವನಿಗೆ ಫೋನ್ ಮಾಡಿದರು. ಮೂರನೆಯ ಸಲಕ್ಕೆ ಹತ್ತಿತು.

"ಎಷ್ಟ್ ಮಂದಿ ಹೊಕ್ಕಿದ್ರು ಒಳಗ?"

"ಅಯ್ಯ ಅಕ್ಕಾರ, ಅವ್ವ ಬಂದಿದ್ಳು. ಯಾವ ಹೊಲಾನೂ ಬಿಡಬಾರದು ಅಂತ..."

"ಎಷ್ಟ್ ಮಂದಿ ಅಂತ ಕೇಳಿದ್ನಿ!"

"ಎಲ್ಲಾರೂ. ಹತ್ತು ನಿಮಿಷ ಅಷ್ಟರೀ. ಮ್ಯಾಲೆ ಎಲ್ಲಾರೂ ಚಪ್ಪಲಿ ಬಿಟ್ಟ ಹೋಗ್ಯಾರ."

"ಚಪ್ಪಲಿ! ನಿನ್ನ ಚಪ್ಪಲಿಗೆ ಬೆಂಕಿ ಹಚ್ಚ! ಹದಿನೈದು ವರ್ಷ ಆ ಮುದುಕ ಕಾಪಾಡಿದ್ದ, ಹತ್ತು ನಿಮಿಷದಾಗ ಹಾಳು ಮಾಡಿದೆಲ್ಲೋ!"

ಅಲ್ಲಿಯವರೆಗೆ ಅವನನ್ನು ನೀವು ಎನ್ನುತ್ತಿದ್ದವರು ಆ ದಿನದಿಂದ ಬಹುವಚನ ಬಿಟ್ಟರು.

ಆದರೂ ಒಂದು ಆಸೆ. ಫೆಬ್ರವರಿಯಲ್ಲಿ ಬೀಜ ಬಲಿತವು. ಅದರಲ್ಲಿ ಮುನ್ನೂರು ತೆಗೆದು ಬಿತ್ತಿ ಕಾದರು. ಮಾರ್ಚಿನ ಹೊತ್ತಿಗೆ ಎಲೆ ಬಿಚ್ಚಿದವು. ಉದ್ದವ್ವನ ಎಲೆ ಎಂದರೆ ಬೆರಳು ಸಣ್ಣ. ಇಲ್ಲಿ ಟ್ರೇ ಟ್ರೇಗಳಲ್ಲಿ ದಪ್ಪ ಬೆರಳಿನ ಎಲೆಗಳು ಅಂಗೈ ಚಾಚಿಕೊಂಡು ನಿಂತಿದ್ದವು. ಎಣಿಸಿದರೆ ನೂರಾ ಹದಿನೆಂಟು. ಉಳಿದವುಗಳಲ್ಲಿ ಯಾವುದು ಶುದ್ಧ, ಯಾವುದು ಮುಂದೆ ಮೋಸ ಮಾಡುವಂಥದ್ದು ಎಂದು ಕಣ್ಣಿನಿಂದ ಹೇಳಲು ಬಾರದು. ಹಳೆಯ ಗಂಡು ಗಿಡಗಳು ಪರಾಗ ಉದುರಿಸಿ ಆಗಲೇ ಒಣಗಿದ್ದವು. ಕಡ್ಡಿ ಊರಿ ಎರಡು ಹೆಣ್ಣುಗಳನ್ನು ಉಳಿಸಿಕೊಂಡರು, ಆದರೆ ಹೆಣ್ಣಿನಿಂದಷ್ಟೇ ತಳಿ ಮುಂದುವರಿಯುವುದಿಲ್ಲ. ವಸಂತಾ ಟ್ರೇಗಳ ಮುಂದೆ ಸ್ಟೂಲ್ ಹಾಕಿಕೊಂಡು ಕೂತು ಸಿಟ್ಟಿನಿಂದ ಅತ್ತರು.

ಅದೇ ವಾರ ಶ್ರೀಶೈಲ್ ಒಂದು ಕಟ್ಟು ಲೇಬಲ್ ಹಿಡಿದುಕೊಂಡು ಬಂದ. ಹೊಳೆಯುವ ಕಾಗದ. ಮೇಲೆ ಎತ್ತರದ ಗಿಡದ ಚಿತ್ರ, ಕೆಳಗೆ 'ಶುದ್ಧ ಹಳೆಯ ತಳಿ, ತಳಿಗಾರರು ವಸಂತಾ ಮುದೇನೂರ' ಎಂಬ ಇಂಗ್ಲಿಷ್ ಸಾಲು. ಜೊತೆಗೆ ಆ ಹೇಳಿಕೆಯ ನಮೂನೆ. ತಾಯಿ ಉದ್ದವ್ವ, ತಂದೆ ಉದ್ದವ್ವ ಎಂದು ಅವನೇ ಟೈಪ್ ಮಾಡಿಸಿದ್ದ. ಸಹಿಯ ಜಾಗವೊಂದು ಖಾಲಿ.

"ಸಹಿ ಒಂದು ಒತ್ತಿಬಿಡ್ರಿ. ಶುಕ್ರವಾರ ಆಸ್ಟಿನ್‌ನವ್ರು ಬರ್ತಾರ."

"ಮೂರರಾಗ ಒಂದು ಪಾಲಿಗಿಂತ ಹೆಚ್ಚಿಗಿ ಕಲಬೆರಕಿ ಐತಿ."

"ಎರಡು ಪಾಲು ಇಲ್ಲಲ್ಲ! ಅವ್ರೂ ಮತ್ತ ಹೈಬ್ರಿಡ್ ಮಾಡವ್ರ ಅದಾರ, ಯಾರು ನೋಡ್ತಾರ್ರೀ?"

"ನಾ ನೋಡೇನಿ."

ಅವನು ದನಿ ತಗ್ಗಿಸಿದ. "ಅಕ್ಕಾರ, ಇದು ಹೊರಗ ಬಂದ್ರ ಅವ್ವಗ ತಿಳೀತೈತಿ. ಎಂಬತ್ನಾಲ್ಕು ವರ್ಷ ಆಕಿಗೆ. ತನ್ನ ಚರಗದಿಂದ ಬೆಳಿ ಕೆಟ್ಟಿತು ಅಂತ ಗೊತ್ತಾದ್ರ ಎದಿ ಒಡಕೋತಾಳ. ಆಕಿ ಸಲುವಾಗಿರೆ..."

ಮಾಡಿದ್ದು ಇವನು, ಮುಂದೆ ತಂದು ನಿಲ್ಲಿಸುವುದು ಮುದುಕಿ ತಾಯಿಯನ್ನು! ಎಂಥ ಮಗ! ವಸಂತಾ ಲೇಬಲ್ಲಿನ ಕಟ್ಟನ್ನೂ ನಮೂನೆಯನ್ನೂ ಬ್ಯಾಗಿಗೆ ತುರುಕಿಕೊಂಡು, "ನಡಿ, ನಿಮ್ಮವ್ವನ ಮುಂದೇ ಸಹಿ ಮಾಡ್ತೀನಿ" ಎಂದು ಕಾರು ಹತ್ತಿದರು. ಅವನು ಹಿಂದೆ ಹಿಂದೆ ತನ್ನ ಕಾರಿನಲ್ಲಿ. ಐ-35 ಹೆದ್ದಾರಿಯಲ್ಲಿ ಮೂರೂವರೆ ತಾಸು, ನಡುದಾರಿಯ ವೇಕೋದಲ್ಲಿ ಕೂಡ ನಿಲ್ಲಿಸಲಿಲ್ಲ. ದಾರಿಯುದ್ದಕ್ಕೂ ಮುದುಕಿಗೆ ಏನೇನು ಹೇಳಬೇಕೆಂದು ಜೋಡಿಸುತ್ತ ಹೋದರು. ವಯಸ್ಸಾಗಿದೆ, ಮೆತ್ತಗೆ ಹೇಳಬೇಕು ಎಂದು ಒಂದು ಗಳಿಗೆ. ಯಾಕೆ ಮೆತ್ತಗೆ, ಹಾಳಾದದ್ದು ಮೆತ್ತಗೆ ಹಾಳಾಯಿತೇ ಎಂದು ಇನ್ನೊಂದು ಗಳಿಗೆ.

ಫ್ಲವರ್ ಮೌಂಡಿನ ಮನೆಯಲ್ಲಿ ಶ್ರೀಶೈಲನ ತಾಯಿ ಸುಮಿತ್ರವ್ವ ಹಿತ್ತಲ ಪ್ಯಾಟಿಯೊದಲ್ಲಿ ಕುರ್ಚಿ ಹಾಕಿಕೊಂಡು ಮೆಂತ್ಯ ಸೋಸುತ್ತಿದ್ದರು. ವಸಂತಾ ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಮುದುಕ, ಅರವತ್ತು ಬೀಜ, ಒಂದನೆಯ ಮನೆಯ ಹಳದಿ ಧೂಳು, ಸೀರೆಗಳು, ನೂರಾ ಹದಿನೆಂಟು. ಸುಮಿತ್ರವ್ವನ ಕೈ ಮೆಂತ್ಯದ ಮೇಲೆ ನಿಂತುಬಿಟ್ಟಿತು. ಶ್ರೀಶೈಲ್ ಬಾಗಿಲಲ್ಲಿ ಬಂದು ನಿಂತ. ಮುದುಕಿ ಎದೆ ಒಡೆದುಕೊಳ್ಳಲಿಲ್ಲ.

"ನಾ ಅವತ್ತ ಕೇಳಿದ್ನಿ ಇವಗ" ಎಂದರು ಮಗನ ಕಡೆ ಬೆರಳು ಮಾಡಿ. "ಕೀಲಿ ಹಾಕೀರಿ, ಬೀಜಕ್ಕ ಬಿಟ್ಟದ್ದೇನೋ ಅಂತ ಕೇಳಿದ್ನಿ. ಬೀಜದ ಹೊಲಕ್ಕ ನಾವು ಬದುವಿನ ಮ್ಯಾಲೆ ನಿಂತು ಚರಗ ಚೆಲ್ಲತಿದ್ವಿ, ಒಳಗ ಕಾಲಿಡತಿದ್ದಿಲ್ಲ. ಏನೂ ಇಲ್ಲ ಬಾ ಅವ್ವ ಅಂದ ಇಂವ. ಮಂದಿಗೆ ದೊಡ್ಡ ಗಿಡ ತೋರಿಸಬೇಕಾಗಿತ್ತು ನಿನಗ, ಹೌದಲ್ಲೋ?"

ವಸಂತಾಗೆ, ಹಾ, ಸರಿಯಾಗಿ ಕೇಳಿದರು, ಎಂದು ಒಳಗೆ ಕುದಿಯುತ್ತಿದ್ದದ್ದು ಇನ್ನಷ್ಟು ಉಕ್ಕಿತು. ಅಷ್ಟರಲ್ಲಿ ಮುದುಕಿ ಇವರ ಕಡೆ ತಿರುಗಿದರು.

"ನೀ ಎಲ್ಲಿದ್ದಿ ವಸಂತಾ?"

"ಹ್ಯೂಸ್ಟನ್‌ನಾಗರೀ ಅವ್ವಾರ."

"ಏನ್ ಕೆಲಸಿತ್ತು?"

"ಭಾಷಣ ಇತ್ತು."

"ಹೂ ಬಿಟ್ಟ ಹೊತ್ತಿನ್ಯಾಗ ಬೀಜದ ಹೊಲ ಬಿಟ್ಟು, ಕೀಲಿ ಇವನ ಕೈಯಾಗ ಕೊಟ್ಟು, ಭಾಷಣಕ್ಕ ಹೋದಿ?"

ಆ ಮುಖ್ಯಸ್ಥರ ಮೇಲೆ, ಕಂಪನಿಯ ಮೂವರ ಮೇಲೆ, ಶ್ರೀಶೈಲನ ಮೇಲೆ ಇದ್ದ ಸಿಟ್ಟೆಲ್ಲ ಹೋಗಲು ಬೇರೆ ಜಾಗ ಸಿಗದೆ ವಸಂತಾರ ಮೇಲೇ ಬಂದು ಬಿತ್ತು. ಪೋಸ್ಟರಿನ ಫೋಟೊ ಕಣ್ಣಿಗೆ ಕಟ್ಟಿತು. ಥೂ, ಎಂದುಕೊಂಡರು.

ಶ್ರೀಶೈಲನಿಗೆ ಧೈರ್ಯ ಬಂತು. "ಅವ್ವಾ, ಅಕ್ಕಾರ ಹೆಸರು ಇಷ್ಟ್ ವರ್ಷ ಒಂದು ಕಾಗದದಾಗೂ ಬಂದಿಲ್ಲ. ಇದರಾಗ ಬರತೈತಿ. ನಾ ಅವ್ರ ಒಳ್ಳೇದಕ್ಕ ಹೇಳಾಕತ್ತೀನಿ."

"ಸುಳ್ಳು ಕುಲ ಹೇಳಿ ಹೆಣ್ಣು ಕೊಡೂ ಮನಿ ಅಲ್ಲೋ ನಮ್ದು" ಎಂದರು ಸುಮಿತ್ರವ್ವ. "ಬಾಯಿ ಮುಚ್ಚು."

ವಸಂತಾ ಅಲ್ಲಿಯೇ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತರು. ಬ್ಯಾಗಿನಿಂದ ನಮೂನೆ ತೆಗೆದರು, ತೊಡೆಯ ಮೇಲಿಟ್ಟುಕೊಂಡರು. ತಾಯಿ ಎಂಬಲ್ಲಿ ಇದ್ದದ್ದನ್ನು ಹಾಗೇ ಬಿಟ್ಟರು. ತಂದೆ ಎಂಬಲ್ಲಿ ಟೈಪ್ ಮಾಡಿದ್ದನ್ನು ಕಾಗದ ಹರಿಯುವಂತೆ ಗೀಚಿ ಹೊಡೆದುಹಾಕಿ, ಗೊತ್ತಿಲ್ಲ, ಎಂದು ಬರೆದರು. ಷರಾ ಎಂಬಲ್ಲಿ, ಪರಾಗದ ವಾರದಲ್ಲಿ ಹೊರಗಿನವರು ಒಳಗೆ ಬಂದಿದ್ದಾರೆ, ಬೀಜ ಶುದ್ಧವಿಲ್ಲ, ಎಂದು ಬರೆದು ಪೆನ್ನು ಎತ್ತಿದರು. ಅದು ಸಾಲದೆನಿಸಿತು. ಆ ವಾರ ತಳಿಗಾರಳು ಸ್ಥಳದಲ್ಲಿರಲಿಲ್ಲ, ಬೀಗದ ಕಾರ್ಡನ್ನು ತಾನೇ ಬೇರೆಯವರಿಗೆ ಕೊಟ್ಟಿದ್ದಳು, ಎಂದೂ ಸೇರಿಸಿದರು.

"ಯಾರೂ ಕೊಳ್ಳೂದಿಲ್ರೀ ಅದನ್ನ" ಎಂದ ಶ್ರೀಶೈಲ್. "ನನಗೂ ಹೋತು, ನಿಮಗೂ ಹೋತು."

"ಹೋಗಲಿ" ಎಂದರು ವಸಂತಾ, ಹಲ್ಲು ಕಚ್ಚಿ. ಕೆಳಗಿನ ಗೆರೆಯ ಮೇಲೆ ವಸಂತಾ ಮುದೇನೂರ ಎಂದು ಒಂದಕ್ಷರ ಬಿಡದೆ ಪೂರ್ತಿ ಬರೆದು ಸಹಿ ಹಾಕಿದರು.

ಶುಕ್ರವಾರ ಬಂದ ಆಸ್ಟಿನ್‌ನವರು ಆ ಕಾಗದ ಒಯ್ದರು. ಸೋಮವಾರ ಎರಡು ಸಾಲಿನ ಉತ್ತರ ಬಂತು, ಬೀಜ ಬೇಡ ಎಂದು. ಲೇಬಲ್ಲಿನ ಕಟ್ಟು ಕಸದ ಬುಟ್ಟಿ ಸೇರಿತು. ತಳಿಗಾರರು ಎಂಬ ಮಾತಿನ ಮುಂದೆ ವಸಂತಾ ಮುದೇನೂರ ಅವರ ಹೆಸರಿರುವ ಕಾಗದ ಇಡೀ ಜಗತ್ತಿನಲ್ಲಿ ಅದೊಂದೇ. ಈ ಸಲ ಆ ಹೆಸರನ್ನು ಅಳಿಸಿ ತಮ್ಮದು ಬರೆದುಕೊಳ್ಳಲು ಯಾರೂ ಮುಂದೆ ಬರಲಿಲ್ಲ.